ಕಡ್ಡಿಯ ಕೈಯಳತೆ

ಬಿಸಿಲುಗಾಲ ಮುಗಿಯಿತೆಂದು ಊರಿಗೆ ಊರೇ ಉಸ್ಸೆಂದು ಉಸಿರು ಬಿಟ್ಟಿತು. ಬಿಸಿಲೇನೋ ಹೋಯಿತು, ಹೋಗುವಾಗ ಕಡ್ಡಿಯ ಮೈಯಲ್ಲಿದ್ದ ಕಸುವನ್ನೂ ಗಂಟು ಕಟ್ಟಿಕೊಂಡು ಹೋಯಿತು. ತಂಪು ಗಾಳಿ ಬೀಸಿ ಎಲ್ಲರೂ ಚಿಗುರಿಕೊಂಡರೆ ಇವಳು ಮಾತ್ರ ಬೆಳಗ್ಗೆ ಹಾಸಿಗೆಯ ಅಂಚಿನಲ್ಲಿ ಕುಳಿತು, ಚಪ್ಪಲಿಗೆ ಕಾಲು ತೂರಿಸುವುದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗಿತ್ತು.

ಕಡ್ಡಿ ಎನ್ನುವುದು ಲಾಂಡ್ರಿಯಲ್ಲಿ ಜೊತೆಯವರು ಇಟ್ಟ ಹೆಸರು. ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಅವಳ ಜಾಗ ಬಿಸಿ ರೋಲರಿನ ಮುಂದೆ. ಹಿಂಡುವ ಯಂತ್ರದಿಂದ ತಳ್ಳುಗಾಡಿಯಲ್ಲಿ ಬಂದ ಒದ್ದೆ ಬೆಡ್‌ಶೀಟನ್ನು ಇಬ್ಬರು ಎರಡು ಮೂಲೆ ಹಿಡಿದು ರೋಲರಿನ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಇನ್ನಿಬ್ಬರು ಒಣಗಿ ಬಂದದ್ದನ್ನು ಹಿಡಿದು ಮಡಚಬೇಕು. ಕೈ ತಡವಾದರೆ ಶೀಟು ಸುಕ್ಕು, ಕೈ ಮುಂದಾದರೆ ಬೆರಳು ಸುಟ್ಟೀತು. ಚಳಿಯ ದಿನಗಳಲ್ಲಿ ಆ ಜಾಗಕ್ಕಾಗಿ ಹೆಂಗಸರು ಜಗಳವಾಡುತ್ತಾರೆ. ಬಿಸಿಲಿನ ದಿನಗಳಲ್ಲಿ ಅಲ್ಲಿ ನಿಲ್ಲುವುದೆಂದರೆ ಬೇಡ, ಶತ್ರುವಿಗೂ ಬೇಡ. ಈ ವರ್ಷವಂತೂ ಬಿಸಿಲು ಹಟಕ್ಕೆ ಬಿದ್ದು ಕಾದಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಂಗಸರ ಬೆನ್ನಿನ ಬಟ್ಟೆಯ ಮೇಲೆ ಬೆವರು ಒಣಗಿ ಬಿಳಿ ಗೆರೆ ಮೂಡಿರುತ್ತಿತ್ತು. ಒಬ್ಬರ ಬೆನ್ನು ನೋಡಿ ಇನ್ನೊಬ್ಬರು ನಗುತ್ತಿದ್ದರು. ನಗದೆ ಇನ್ನೇನು ಮಾಡುವುದು? ಸೂಪರ್‌ವೈಸರ್‌ಗೆ ಹೇಳಿದರೆ "ನನಗೂ ಬೆವರ್ತಾ ಇದೆ" ಎನ್ನುತ್ತಿದ್ದ, ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತು.

"ಒದ್ದೆ ಶೀಟಿಗೂ ನಿನಗೂ ತೂಕದ ಪಂದ್ಯ ಇಟ್ರೆ ಶೀಟೇ ಗೆಲ್ಲೋದು," ಎಂದು ಎದುರಿನ ಮೂಲೆ ಹಿಡಿಯುವ ಗುಂಗುರಿ ರೇಗಿಸುತ್ತಿದ್ದಳು. ಹಬೆಗೆ ಅವಳ ಕೂದಲು ಸುರುಳಿ ಸುರುಳಿಯಾಗಿ ಎದ್ದು ನಿಲ್ಲುತ್ತಿತ್ತು, ಅದಕ್ಕೇ ಆ ಹೆಸರು.

ಮನೆಯಲ್ಲಿ ಇದ್ದವರು ಇಬ್ಬರೇ, ಕಡ್ಡಿ ಮತ್ತು ಅವಳ ಅಕ್ಕ. ಬೀದಿಯವರ ಬಾಯಲ್ಲಿ ಅಕ್ಕ ಟೈಲರಕ್ಕ. ಮೂರನೆಯ ಮಹಡಿಯ ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ತಾಯಿ ತೀರಿಕೊಂಡಾಗ ಕಡ್ಡಿಗಿನ್ನೂ ಹಾಲುಹಲ್ಲು. ಅಕ್ಕನೇ ತಲೆ ಬಾಚಿ, ತುತ್ತಿಟ್ಟು, ಬೈದು ಬೆಳೆಸಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವಳದಾಗಲಿ" ಎಂದು ಮುಂದೆ ತಳ್ಳಿದಳು. ಇವಳದೂ ಆಗಲಿಲ್ಲ, ಅವಳದೂ ಆಗಲಿಲ್ಲ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಕಡ್ಡಿಯ ಮಟ್ಟಿಗೆ ಆ ಗಾದೆಯ ಎರಡನೆಯ ಅರ್ಧದಲ್ಲಿ ಅಕ್ಕ ಕುಳಿತಿದ್ದಳು. ಮೊದಲನೆಯ ಅರ್ಧ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅಕ್ಕನಿಗೆ ಬಿಪಿ, ಹೃದಯವೂ ಅಷ್ಟೇನೂ ಗಟ್ಟಿಯಿಲ್ಲ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿ ಎಷ್ಟೋ ವರ್ಷಗಳಾಗಿದ್ದವು. ಅಂದಿನಿಂದ ಇಬ್ಬರಿಗೂ ಒಂದೇ ಪಾತ್ರೆ, ಅಕ್ಕನ ಲೆಕ್ಕದ ಉಪ್ಪು. ಅಡುಗೆ ಕಡ್ಡಿಯದು, ಅಳತೆ ಅವಳ ಬೆರಳುಗಳದು. ಚಿಟಿಕೆ ಹಾಕುವಳು, ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕುವಳು, ಸರಿಯೆನಿಸಿದರೆ ಮುಚ್ಚಳ ಮುಚ್ಚುವಳು. ನನ್ನ ಕೈ ತಪ್ಪಿದ್ದೇ ಇಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಹೆಮ್ಮೆಪಡುವುದಕ್ಕೆ ಪಾಪ, ಅವಳ ಬಳಿ ಬೇರೆ ಹೆಚ್ಚೇನೂ ಇರಲಿಲ್ಲ.

ಬಿಸಿಲು ನೆತ್ತಿಗೇರಿದ ವಾರಗಳಲ್ಲಿ ಕಡ್ಡಿಗೆ ಊಟವೇ ಸೇರದಾಯಿತು. ಕೆಲಸದಿಂದ ಬಂದವಳು ಬಾಗಿಲ ಬಳಿಯೇ ತಣ್ಣನೆಯ ನೆಲದ ಮೇಲೆ ಉರುಳಿಕೊಳ್ಳುತ್ತಿದ್ದಳು. ಮೀನಖಂಡ ಹಿಡಿದುಕೊಂಡು ಜೀವ ಹಿಂಡುತ್ತಿತ್ತು. ಅಕ್ಕ ಕಾಲು ತಿಕ್ಕುತ್ತ, ತಟ್ಟೆ ಹಿಡಿದುಕೊಂಡು, ಚಿಕ್ಕ ಮಗುವನ್ನು ಓಲೈಸುವಂತೆ ಓಲೈಸುತ್ತಿದ್ದಳು.

"ಒಂದೇ ಒಂದು ತುತ್ತು ಮಗಾ."

"ಬೇಡಕ್ಕಾ. ಬಾಯಿ ಕೆಟ್ಟಿದೆ. ಏನು ತಿಂದ್ರೂ ಮಣ್ಣು ತಿಂದ ಹಾಗಿದೆ."

ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು ನಾಲಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ ಹೇಳಿದರು: "ಬೆವರಿನ ಜೊತೆ ಮೈಯೊಳಗಿನ ಸತ್ವವೆಲ್ಲಾ ಹೋಗಿದೆ ತಾಯಿ. ನೀರು ಚೆನ್ನಾಗಿ ಕುಡೀರಿ, ಹಗುರವಾಗಿ ಊಟ ಮಾಡಿ, ನಿದ್ದೆ ಮಾಡಿ. ಸ್ವಲ್ಪ ದಿನ ಬಿಸಿಯ ಹತ್ತಿರ ಹೋಗ್ಬೇಡಿ." ಮೊದಲ ಮೂರು ಮಾತನ್ನು ಕಡ್ಡಿ ಮನಸ್ಸಿಗೆ ಹಾಕಿಕೊಂಡಳು. ನಾಲ್ಕನೆಯದನ್ನು ರೋಲರಿಗೆ ಹೇಳುವವರು ಯಾರು?

ಆ ವಾರವೇ ಒಂದು ಸಂಜೆ ತಾನೇ ಒಲೆ ಹಚ್ಚಿ, ಅಕ್ಕಿ ಬೇಳೆ ಮೆತ್ತಗೆ ಬೇಯಿಸಿ, ಸೊಪ್ಪು ಹಾಕಿ ಗಂಜಿ ಮಾಡಿದಳು. ಅಂಗೈಗೆ ಬಿಟ್ಟು ನೆಕ್ಕಿದಳು, ಸಪ್ಪೆ ಎನಿಸಿತು. ಮತ್ತೊಂದು ಚಿಟಿಕೆ. ಇನ್ನೂ ಸಪ್ಪೆ. ಮತ್ತೊಂದು. ಆಮೇಲೆ, ಎಷ್ಟೋ ದಿನಗಳ ಮೇಲೆ, ಬಾಯಲ್ಲಿ ನೀರೂರಿತು. ಒಂದು ಬಟ್ಟಲು ಖಾಲಿ ಮಾಡಿ ಎರಡನೆಯದಕ್ಕೆ ಕೈ ಚಾಚಿದಳು. ಅಕ್ಕ ಒಂದು ಚಮಚ ಬಾಯಿಗಿಟ್ಟು, ತಂಗಿಯ ಖಾಲಿ ಬಟ್ಟಲನ್ನು ನೋಡಿ, "ತುಂಬಾ ಚೆನ್ನಾಗಿದೆ ಕಣೆ" ಎಂದಳು. ಅವಳ ಕಣ್ಣು ತುಂಬಿ ಬಂದಿತ್ತು. ಸಂತೋಷಕ್ಕೆ ಎಂದುಕೊಂಡಳು ಕಡ್ಡಿ. ಸಂತೋಷಕ್ಕೇ ಬಂದದ್ದು, ಅದರಲ್ಲಿ ಸುಳ್ಳಿರಲಿಲ್ಲ.

ಅಲ್ಲಿಂದ ದಿನವೂ ಅದೇ ಗಂಜಿ. ಲಾಂಡ್ರಿಯಲ್ಲಿ ಮಧ್ಯಾಹ್ನ ಹೆಂಗಸರೆಲ್ಲ ಡಬ್ಬಿಗಳನ್ನು ನಡುವೆ ಇಟ್ಟು ಹಂಚಿಕೊಂಡು ತಿನ್ನುವುದು ರೂಢಿ. ಕಡ್ಡಿಯ ಡಬ್ಬಿಗೆ ಮೊದಲು ಯಾರೂ ಕೈ ಹಾಕುತ್ತಿರಲಿಲ್ಲ, ರೋಗಿಯ ಊಟವೆಂದು ಮೂಗು ಮುರಿಯುತ್ತಿದ್ದರು. ಈಗ ಪೈಪೋಟಿ. "ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು," ಎಂದು ಗುಂಗುರಿ ಡಬ್ಬಿಯ ತಳ ಬೆರಳಲ್ಲಿ ಬಳಿದು ನೆಕ್ಕುತ್ತಿದ್ದಳು. ಈ ವರ್ಷ ಎಲ್ಲರ ಡಬ್ಬಿಯೂ ಯಾಕೋ ರುಚಿಯಾಗಿದೆ ಎಂದು ಅವರವರೇ ಹೇಳಿಕೊಂಡರು. ಆ ಹೊಗಳಿಕೆಯಿಂದ ಕಡ್ಡಿಯ ಬೆರಳುಗಳಿಗೆ ಇನ್ನಷ್ಟು ಧೈರ್ಯ ಬಂತು.

ಗಾಳಿ ತಂಪಾಯಿತು. ಕಡ್ಡಿ ನಿಧಾನವಾಗಿ ಏಳತೊಡಗಿದಳು. ರಜೆಯ ದಿನ ಮಧ್ಯಾಹ್ನವೂ ಮಲಗಿದಳು, ನೀರಿನ ಬಾಟಲಿಯನ್ನು ಸೊಂಟಕ್ಕೆ ಕಟ್ಟಿಕೊಂಡವಳಂತೆ ಎಲ್ಲಿಗೆ ಹೋದರೂ ಒಯ್ದಳು. ಕೆನ್ನೆಯ ಗುಳಿ ತುಸು ತುಂಬಿತು. ಆಗಲೇ ಅಕ್ಕ ಬೀಳತೊಡಗಿದಳು.

ಅಂಗಡಿಗೆ ಹೋಗಿ ಬರುವಾಗ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದಳು. ಸಂಜೆಗೆ ಪಾದ ಊದಿ ಚಪ್ಪಲಿ ಬಿಗಿಯುತ್ತಿತ್ತು. ಒಂದು ದಿಂಬು ಸಾಲದೆ ಎರಡು, ಎರಡು ಸಾಲದೆ ಮೂರು ಒಟ್ಟಿಕೊಂಡು ಒರಗಿ ಮಲಗುತ್ತಿದ್ದಳು. ಕೇಳಿದರೆ "ಸ್ವಲ್ಪ ಸುಸ್ತು ಅಷ್ಟೇ" ಎನ್ನುವಳು. ಕಡ್ಡಿಗೆ ಆ ಸುಸ್ತು ಚೆನ್ನಾಗಿ ಗೊತ್ತಿತ್ತು. ತಾನೇ ಅನುಭವಿಸಿ ಎದ್ದು ಬಂದವಳಲ್ಲವೇ! ಹೊಟ್ಟೆನೋವು ಬಂದು ಹೋದವನು ಬೀದಿಗೆಲ್ಲ ವೈದ್ಯನಾಗುತ್ತಾನೆ.

"ನನಗೆ ಬಡಿದ ಬಿಸಿಲೇ ನಿನಗೂ ಬಡಿದಿದೆ. ನನಗೆ ಮೊದಲು, ನಿನಗೆ ತಡವಾಗಿ. ನನ್ನನ್ನ ಎಬ್ಬಿಸಿದ ಗಂಜಿ ನಿನ್ನನ್ನೂ ಎಬ್ಬಿಸುತ್ತೆ, ಕುಡಿ."

"ಸಾಕು ಕಣೆ, ಹೊಟ್ಟೆ ತುಂಬಿದೆ."

"ಏನು ಸಾಕು? ನಾನು ಬೇಡ ಅಂದಾಗ ನೀನು ಬಿಟ್ಟಿದ್ಯಾ?"

ಅಕ್ಕ ಕುಡಿದಳು. ಬೆಳಗ್ಗೆ ಹೊರಡುವ ಮೊದಲು ಒಂದು ಬಟ್ಟಲು, ಸಂಜೆ ಬಂದ ಮೇಲೆ ಒಂದು, ನಡುವೆ ಕುಡಿಯಲೆಂದು ಮುಚ್ಚಿಟ್ಟು ಹೋದದ್ದು ಒಂದು. ಅಕ್ಕ ಸುಸ್ತಾದಷ್ಟೂ ಕಡ್ಡಿ ಬಡಿಸಿದಳು. ಕಡ್ಡಿ ಬಡಿಸಿದಷ್ಟೂ ಅಕ್ಕ ಸುಸ್ತಾದಳು. ಹೀಗೆ ಪ್ರೀತಿಯಿಂದಲೇ ಮನೆ ಮುಳುಗುತ್ತಿತ್ತು, ಮುಳುಗುತ್ತಿದೆ ಎಂದು ಮಾತ್ರ ಕಡ್ಡಿಗೆ ತಿಳಿಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಯಾರದೋ ಪರದೆಯ ಅಂಚು ಹೊಲಿಯುತ್ತಿದ್ದವಳು ಕೈ ನಿಲ್ಲಿಸಿದಳು. ಯಂತ್ರದ ಸದ್ದು ನಿಂತದ್ದಕ್ಕೆ ಕಡ್ಡಿ ಅಡುಗೆಮನೆಯಿಂದ ಇಣುಕಿದಳು. ಅಕ್ಕ ಕಿಟಕಿಯ ಸರಳು ಹಿಡಿದುಕೊಂಡು ಬಾಯಿ ತೆರೆದಿದ್ದಳು. ತುಟಿ ನೀಲಿಯಾಗಿತ್ತು. "ಉಸಿರು... ಸಿಗ್ತಾ ಇಲ್ಲ..." ಎಂದಳು, ಅದೂ ಯಾರಿಗೋ ತೊಂದರೆ ಕೊಟ್ಟವಳ ದನಿಯಲ್ಲಿ. ಪಕ್ಕದ ಮನೆಯ ಗಂಡಸರು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು. ಟ್ಯಾಕ್ಸಿಯಲ್ಲಿ ಕಡ್ಡಿ ಅಕ್ಕನ ಬೆನ್ನು ತಿಕ್ಕುತ್ತಲೇ ಇದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮಾತು ನೇರ. "ಮೈಯಲ್ಲಿ ನೀರು ತುಂಬ್ಕೊಂಡಿದೆ, ಶ್ವಾಸಕೋಶಕ್ಕೂ ಹೋಗಿದೆ. ಹೃದಯಕ್ಕೆ ಆ ಭಾರ ಎಳೆಯೋಕೆ ಆಗ್ತಾ ಇಲ್ಲ. ಮನೇಲಿ ಅಡುಗೆ ಯಾರು ಮಾಡೋದು?"

"ನಾನೇ ಡಾಕ್ಟರಮ್ಮ."

"ಉಪ್ಪು?"

"ಅಯ್ಯೋ, ಉಪ್ಪು ತುಂಬಾ ಕಡಿಮೆ. ಎಷ್ಟೋ ವರ್ಷದಿಂದ ಹಾಗೇನೇ. ಬೇಕಾದ್ರೆ ಅಕ್ಕನ್ನೇ ಕೇಳಿ."

ಡಾಕ್ಟರಮ್ಮ ಮಂಚದ ಕಡೆ ತಿರುಗಿದಳು. ಆಕ್ಸಿಜನ್ ಮಾಸ್ಕಿನ ಹಿಂದಿನಿಂದ ಅಕ್ಕ ತಲೆಯಾಡಿಸಿದಳು, ಹೌದು, ಕಡಿಮೆ.

"ಊಟ ಕಾರಣ ಅಲ್ಲ ಅಂದ್ರೆ," ಎಂದಳು ಡಾಕ್ಟರಮ್ಮ ಹೊರಗೆ ಬಂದು, ದನಿ ತಗ್ಗಿಸಿ, "ಹೃದಯವೇ ಕೈಕೊಡ್ತಾ ಇದೆ ಅಂತ ಅರ್ಥ. ನೀವು ಮನಸ್ಸು ಗಟ್ಟಿ ಮಾಡ್ಕೋಬೇಕು."

ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಕಡ್ಡಿಗೆ ಗೊತ್ತಿದ್ದ ರೀತಿ ಒಂದೇ. ಮರುದಿನ ಬೆಳಗ್ಗೆ ಎದ್ದು ಗಂಜಿ ಮಾಡಿದಳು. ಡಬ್ಬಿ ತುಂಬಿಸಿ ಆಸ್ಪತ್ರೆಗೆ ಒಯ್ದರೆ ವಾರ್ಡಿನ ಬಾಗಿಲಲ್ಲೇ ನರ್ಸು ತಡೆದಳು, ಹೊರಗಿನ ಊಟ ಬಿಡುವುದಿಲ್ಲ ಎಂದು. ಕಡ್ಡಿ ಬೇಡಿಕೊಂಡಳು, ಗೊಣಗಿದಳು, ಕೊನೆಗೆ ಅದೇ ಡಬ್ಬಿ ಹಿಡಿದುಕೊಂಡು ಲಾಂಡ್ರಿಗೆ ಹೋದಳು. ನೋಡಲು ಬಿಡುವುದು ಸಂಜೆಗೆ, ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾನೆ. ಆ ನರ್ಸಿಗೆ ಕಡ್ಡಿ ಇಡೀ ಬೆಳಗ್ಗೆ ಮನಸ್ಸಿನಲ್ಲೇ ಶಾಪ ಹಾಕಿದಳು. ಕಾಲಿಗೆ ಬಿದ್ದು ನಮಸ್ಕರಿಸಬೇಕಾದವರಿಗೆ ನಾವು ಶಾಪ ಹಾಕುವುದು ಹೀಗೆಯೇ.

ಅಂದು ದೊಡ್ಡಮ್ಮ ಕೆಲಸಕ್ಕೆ ಮರಳಿದ್ದಳು. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಅವಳು ದೊಡ್ಡಮ್ಮ. ಮಗಳ ಹೆರಿಗೆಗೆಂದು ಬೆಟ್ಟದ ಮೇಲಿನ ಊರಿಗೆ ಹೋದವಳು ಬೇಸಿಗೆ ಪೂರ್ತಿ ಅಲ್ಲೇ ಇದ್ದು, ಕಂಬಳಿ ಹೊದ್ದು ಮಲಗಿ, ಮೊಮ್ಮಗನ ಕಥೆಗಳನ್ನು ಹೊತ್ತು ತಂದಿದ್ದಳು. ಮಧ್ಯಾಹ್ನ ಡಬ್ಬಿಗಳು ನಡುವೆ ಬಂದವು.

"ಕಡ್ಡಿ ಗಂಜಿ ತಿನ್ನು ದೊಡ್ಡಮ್ಮ," ಎಂದಳು ಗುಂಗುರಿ. "ನೀನಿಲ್ಲದಾಗ ಇವಳು ಭಾರೀ ಅಡುಗೆಯವಳಾಗಿದ್ದಾಳೆ."

ದೊಡ್ಡಮ್ಮ ಒಂದು ಚಮಚ ಬಾಯಿಗಿಟ್ಟಳು, ಕಣ್ಣು ಅಗಲಿಸಿದಳು, ಎದ್ದು ಹೋಗಿ ಮೋರಿಗೆ ಉಗುಳಿದಳು.

"ಅಯ್ಯಯ್ಯೋ, ಇದೇನೇ ಇದು? ಗಂಜಿಗೆ ಉಪ್ಪು ಹಾಕಿದ್ದೀಯೋ, ಉಪ್ಪಿಗೆ ಗಂಜಿ ಹಾಕಿದ್ದೀಯೋ?"

"ಯಾಕೆ, ಸರಿಯಾಗೇ ಇದೆಯಲ್ಲಾ," ಎಂದಳು ಗುಂಗುರಿ, ಇನ್ನೊಂದು ಚಮಚ ತಿಂದು.

ದೊಡ್ಡಮ್ಮ ನಂಬಲಾರದೆ ಗುಂಗುರಿಯ ಡಬ್ಬಿಯಿಂದ ಒಂದು ಚೂರು ತೆಗೆದಳು, ಮಡಚುವವಳ ಡಬ್ಬಿಯಿಂದ ಒಂದು. ಎರಡಕ್ಕೂ ಮುಖ ಕಿವಿಚಿದಳು. "ನಿಮಗೆಲ್ಲಾ ಏನಾಗಿದೆ? ಒಬ್ಬಳದಾದ್ರೆ ಕೈ ಜಾರಿತು ಅನ್ನಬಹುದು. ನೀವೆಲ್ಲಾ ಸೇರಿ ಸಮುದ್ರ ಕುಡೀತಿದ್ದೀರಲ್ಲೇ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಬಿಸಿಲಿಗೆ ಬೆವರಿ ಬೆವರಿ ಮೈಯ ಉಪ್ಪೆಲ್ಲ ಹೋಗಿರಬೇಕು, ಅದಕ್ಕೇ ನಾಲಗೆ ಕೇಳಿದೆ, ಕೇಳಿದಷ್ಟೂ ಹಾಕಿದ್ದೀವಿ, ಹಾಕಿದ್ದೇ ರೂಢಿಯಾಗಿದೆ ಎಂದು ಯಾರೋ ಹೇಳಿದರು. "ಉಪ್ಪು ತಿಂದೋರು ನೀರು ಕುಡೀಲೇಬೇಕು," ಎಂದು ಗುಂಗುರಿ ಬಾಟಲಿ ಎತ್ತಿದಳು. ಮತ್ತೆ ನಗು.

ಕಡ್ಡಿ ನಗಲಿಲ್ಲ. ಎಲ್ಲರ ನಾಲಗೆಯೂ ಕೆಟ್ಟಿತ್ತು, ಸರಿ. ಆದರೆ ಅಕ್ಕ ರೋಲರಿನ ಮುಂದೆ ನಿಂತವಳಲ್ಲ. ಅಕ್ಕ ಕಿಟಕಿಯ ಗಾಳಿಯಲ್ಲಿ ಕುಳಿತು ಹೊಲಿದವಳು. ಅಕ್ಕನ ನಾಲಗೆಗೆ ಏನೂ ಆಗಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಬಟ್ಟಲಿನ ಮೇಲೆ ಬಟ್ಟಲು ಕುಡಿದು, ಉಸಿರು ಸಿಗದ ಹೊತ್ತಿನಲ್ಲೂ ಡಾಕ್ಟರಮ್ಮನಿಗೆ ಉಪ್ಪು ಕಡಿಮೆ ಎಂದು ತಲೆಯಾಡಿಸಿದ್ದಳು.

ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದಳು. "ಎಲ್ಲಿಗೆ? ರೋಲರ್ ಯಾರು ನೋಡ್ತಾರೆ?" ಎಂದು ಸೂಪರ್‌ವೈಸರ್ ಕೂಗಿದ. "ಫ್ಯಾನ್ ಕೆಳಗೆ ಕೂತೋರು ನೋಡ್ಲಿ," ಎಂದಳು ಕಡ್ಡಿ, ಜೀವಮಾನದಲ್ಲಿ ಮೊದಲ ಬಾರಿಗೆ. ಬಸ್ಸಿಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಅರ್ಧ ದಾರಿ ಓಡಿದಳು, ಇನ್ನರ್ಧ ಗೋಡೆ ಹಿಡಿದುಕೊಂಡು ನಡೆದಳು.

ಮೊದಲು ಡಾಕ್ಟರಮ್ಮನನ್ನು ಹುಡುಕಿದಳು. "ನಾನು ನಿನ್ನೆ ಹೇಳಿದ್ದು ಸುಳ್ಳಾಯ್ತು. ಉಪ್ಪು ಕಡಿಮೆ ಅಂದ್ಕೊಂಡೇ ಹಾಕಿದೆ. ಬೇರೆಯವರು ಬಾಯಿಗಿಡೋ ಹಾಗಿಲ್ಲ, ಅಷ್ಟು ಹಾಕಿದ್ದೀನಿ. ದಿನಾ. ಎರಡು ತಿಂಗಳಿಂದ."

ಡಾಕ್ಟರಮ್ಮ ಬಯ್ಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಹಾಗಾದ್ರೆ ಇನ್ನೂ ದಾರಿ ಇದೆ. ನೀರು ಇಳಿದ ಮೇಲೆ ಮನೆಗೆ ಕಳಿಸಬಹುದು. ಆದ್ರೆ ಆ ಹೃದಯ ಇನ್ನೊಂದ್ಸಲ ಇದನ್ನ ತಡ್ಕೊಳಲ್ಲ. ಅದು ನೆನಪಿರಲಿ." ನರ್ಸಿಗೆ ಹೇಳಿ ಕಡ್ಡಿಯನ್ನು ಒಳಗೆ ಬಿಡಿಸಿದಳು.

ಅಕ್ಕ ದಿಂಬುಗಳಿಗೆ ಒರಗಿದ್ದಳು. ಮಾಸ್ಕು ತೆಗೆದಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ತಂಗಿಯನ್ನು ಕಂಡು, "ಯಾಕೆ ಇಷ್ಟು ಬೇಗ? ಊಟ ಮಾಡಿದ್ಯಾ?" ಎಂದಳು.

"ಗಂಜಿ ಉಪ್ಪಾಗಿತ್ತಾ ಅಕ್ಕಾ?"

ಅಕ್ಕ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಚ್ಚಿದಳು. "ಯಾರು ಹೇಳಿದ್ರು?"

"ಯಾವತ್ತಿಂದ ಗೊತ್ತಿತ್ತು ನಿನಗೆ?"

"ಮೊದಲನೇ ಬಟ್ಟಲಿಂದ."

ಕಡ್ಡಿ ಮಂಚದ ಅಂಚಿನಲ್ಲಿ ಕುಳಿತಳು. "ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ನಿನಗೇನು ಧಾಡಿ?"

"ಹೇಳಿದ್ರೆ ಏನು ಮಾಡ್ತಿದ್ದೆ? ನನಗೋಸ್ಕರ ಮರುದಿನ ಸಪ್ಪೆ ಮಾಡ್ತಿದ್ದೆ. ಸಪ್ಪೆ ನಿನಗೆ ಇಳೀತಿರಲಿಲ್ಲ. ಮತ್ತೆ ತಟ್ಟೆ ಮುಂದೆ ಕೂತು ಹಾಗೇ ಎದ್ದು ಹೋಗ್ತಿದ್ದೆ. ಆ ದಿನಗಳಲ್ಲಿ ನೀನು ಮಲಗಿದ್ಮೇಲೆ ನಿನ್ನ ಮೂಗಿನ ಹತ್ರ ಬೆರಳು ಹಿಡಿದು ನೋಡ್ತಿದ್ದೆ ಕಣೆ, ಉಸಿರಾಡ್ತಿದ್ದೀಯಾ ಅಂತ. ಆವತ್ತು ನೀನಾಗೇ ಎರಡನೇ ಬಟ್ಟಲು ಕೇಳಿದೆ. ಅದನ್ನ ನಾನು ಬಾಯಾರೆ ಕೆಡಿಸ್ಲಾ?"

"ನಿನಗೆ ಬೇರೆ ಪಾತ್ರೇಲಿ ಮಾಡ್ತಿದ್ದೆ!"

"ಇಡೀ ದಿನ ಆ ಬೆಂಕಿ ಮುಂದೆ ನಿಂತು ಬಂದು, ಮನೇಲೂ ಎರಡೆರಡು ಒಲೆ ಮುಂದೆ ನಿಲ್ತಿದ್ಯಾ? ಬಿಸಿಲು ಹೋದ್ಮೇಲೆ ಸರಿಹೋಗುತ್ತೆ ಅಂದ್ಕೊಂಡೆ. ನೀನು ಪೂರ್ತಿ ಚೇತರಿಸ್ಕೊಂಡ್ಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಹೀಗಾಯ್ತು."

ಕಡ್ಡಿಗೆ ಸಿಟ್ಟು ಬಂತು. ಅಕ್ಕನ ಮೇಲೆ ಅಂಥ ಸಿಟ್ಟು ಅವಳಿಗೆ ಎಂದೂ ಬಂದಿರಲಿಲ್ಲ. "ನೀನು ಸತ್ತಿದ್ರೆ? ನನ್ನ ಕೈಯಾರೆ ಕೊಂದ ಹಾಗಾಗ್ತಿತ್ತಲ್ಲ ಅಕ್ಕಾ! ಕುಡಿ ಕುಡಿ ಅಂತ ಒತ್ತಾಯ ಮಾಡಿ, ಚಮಚ ಚಮಚವಾಗಿ ನಾನೇ ಕೊಂದ ಹಾಗೆ!"

ಅಕ್ಕ ಕೈ ಚಾಚಿ ತಂಗಿಯ ಕೈ ಹಿಡಿದುಕೊಂಡಳು. "ನಿನಗೆ ಗೊತ್ತಾಗ್ತಾನೇ ಇರಲಿಲ್ಲ ಬಿಡು," ಎಂದಳು, ಸಮಾಧಾನ ಮಾಡುವವಳಂತೆ.

ಆ ಮಾತಿಗೆ ಕಡ್ಡಿ ಗಟ್ಟಿಯಾಗಿ ಅತ್ತುಬಿಟ್ಟಳು. ಪಕ್ಕದ ಮಂಚದ ಮುದುಕಿ ಎದ್ದು ಕುಳಿತು ನೋಡಿದಳು. ನೋಡಲಿ ಎನಿಸಿತು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಇನ್ಮೇಲೆ ನನ್ನ ಹತ್ರ ಸುಳ್ಳು ಹೇಳಲ್ಲ ಅಂತ ಮಾತು ಕೊಡು," ಎಂದಳು.

ಅಕ್ಕ ಯೋಚಿಸಿದಳು. ಸುಮ್ಮನೆ ಹೂಂ ಎನ್ನಬಹುದಿತ್ತು, ಎನ್ನಲಿಲ್ಲ. "ನೀನು ಊಟ ಬಿಟ್ರೆ ಸುಳ್ಳು ಹೇಳೇ ಹೇಳ್ತೀನಿ."

ಕಡ್ಡಿ ಲೆಕ್ಕ ಹಾಕಿದಳು. ಬೈದು ಪ್ರಯೋಜನವಿಲ್ಲ, ಅತ್ತೂ ಆಯಿತು. ಮಾತ್ರೆ, ಸೂಜಿ, ಡಾಕ್ಟರಮ್ಮ ಎಲ್ಲ ಒಂದು ಕಡೆ. ತಾನು ಒಂದು ಹೊತ್ತು ತಟ್ಟೆ ದೂಡಿದರೆ ಈ ಹೆಂಗಸು ಮತ್ತೆ ನಗುನಗುತ್ತಾ ವಿಷ ಬೇಕಾದರೂ ಕುಡಿದು ಚೆನ್ನಾಗಿದೆ ಎನ್ನುತ್ತಾಳೆ. ಅಕ್ಕ ಬದುಕಬೇಕಾದರೆ ತಾನು ತಿನ್ನಬೇಕು, ಉಪ್ಪಿಲ್ಲದ್ದನ್ನು ತಿನ್ನಬೇಕು, ಅಕ್ಕನ ಕಣ್ಣೆದುರೇ ತಿನ್ನಬೇಕು.

ನರ್ಸು ಟ್ರೇ ತಂದಿಟ್ಟಳು. ಆಸ್ಪತ್ರೆಯ ಗಂಜಿ, ಉಪ್ಪಿನ ಸೋಂಕೂ ಇಲ್ಲದ್ದು. ಅಕ್ಕ ಎರಡು ಚಮಚ ತಿಂದು ಬಟ್ಟಲು ಪಕ್ಕಕ್ಕೆ ಸರಿಸಿದಳು. ಕಡ್ಡಿ ಅದನ್ನು ತನ್ನ ಕಡೆ ಎಳೆದುಕೊಂಡಳು. ಮೊದಲ ಚಮಚ ಅಂಟು ಕಲಸಿ ಬಾಯಿಗೆ ಹಾಕಿದಂತಿತ್ತು. ತುಟಿ ಬಿಗಿಹಿಡಿದು ನುಂಗಿದಳು. ಇನ್ನೊಂದು ತುಂಬಿಸಿದಳು.

"ಹೇಗಿದೆ?" ಎಂದಳು ಅಕ್ಕ.

"ಕೆಟ್ಟದಾಗಿದೆ. ಆದ್ರೂ ತಿಂತಾ ಇದೀನಿ, ನೋಡು."

ಆಮೇಲೆ ಒಂದು ಚಮಚ ಅಕ್ಕನ ಬಾಯಿಗೆ ಹಿಡಿದಳು, ಒಂದು ತಾನು ತಿಂದಳು. ನರ್ಸು ದೂರದಿಂದ ಕಂಡೂ ಕಾಣದವಳಂತೆ ಮುಂದೆ ಹೋದಳು. ಪ್ರತಿ ಸಲವೂ ಅಕ್ಕ ತನ್ನ ಬಾಯಲ್ಲಿದ್ದದ್ದನ್ನು ಹಾಗೇ ಇಟ್ಟುಕೊಂಡು ತಂಗಿಯ ಗಂಟಲನ್ನೇ ನೋಡುತ್ತಿದ್ದಳು. ತಂಗಿಯದು ಇಳಿಯಿತೆಂದು ಖಾತ್ರಿಯಾದ ಮೇಲೆ ತನ್ನದನ್ನು ನುಂಗುತ್ತಿದ್ದಳು.